ಹಣೆಯ ಮೇಲಿನ ಹೆಸರು

(ಬಾನುಲಿ ಭಾಷಣ)



ವಸ್ತು ಒಂದು, ಅದರ ಮೇಲೆ ಬರೆದ ಹೆಸರು ಇನ್ನೊಂದು. ಇವೆರಡರ ಸಂಬಂಧ ನಾವು ತಿಳಿದಿರುವಷ್ಟು ಸರಳವಾದುದಲ್ಲ. ಮಗಳ ಮದುವೆಯಲ್ಲಿ ಕೊಡುವ ಹಿತ್ತಾಳೆಯ ಕೊಡದ ಕಂಠದ ಮೇಲೆ ತವರಿನವರು ತಮ್ಮ ಹೆಸರು ಕೊರೆಸುತ್ತಾರೆ. ರಾಷ್ಟ್ರಕೂಟ ಅರಸರು ತಮ್ಮ ತಾಮ್ರಪಟಗಳಿಗೆ ಗರುಡನ ಮುದ್ರೆ ಒತ್ತಿಸುತ್ತಿದ್ದರು. ವಚನಕಾರರು ವಚನದ ಕೊನೆಗೆ ಅಂಕಿತವನ್ನಿಟ್ಟರು. ಕೊಡದಲ್ಲಿ ನೀರು ತುಂಬಲು ಹೆಸರಿನ ಅಗತ್ಯವಿಲ್ಲ. ಅಂಕಿತವನ್ನು ಮರೆಮಾಡಿ ಓದಿದರೂ ವಚನದ ಮಾತು ಮಾತೇ. ಆದರೂ ಹೆಸರು ಬೇಕು. ಇದು ಯಾರದು, ಇದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಅದು ಉತ್ತರ. ಹಾಗಾದರೆ ಒಂದು ವಸ್ತುವಿನ ಮೇಲಿನ ಹೆಸರನ್ನು ಕಿತ್ತು ಬೇರೊಂದನ್ನು ಹಚ್ಚಿದರೆ ಏನಾಗುತ್ತದೆ? ವಸ್ತು ಬದಲಾಗುತ್ತದೆಯೆ, ನೋಡುವ ಕಣ್ಣು ಬದಲಾಗುತ್ತದೆಯೆ? ಈ ಪ್ರಶ್ನೆಯನ್ನು ಒಂದು ಮೋಟಾರು ಗಾಡಿಯ ನೆಪದಲ್ಲಿ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಗಾಡಿ ನನ್ನದಲ್ಲ, ನನ್ನ ಸೋದರಳಿಯನದು. ನಮ್ಮ ಕಡೆಯ ರಸ್ತೆಗಳಲ್ಲಿ ಅದರ ಜೋಡಿಯನ್ನು ನಾನು ಕಂಡಿಲ್ಲ. ಅದನ್ನು ಕಾರು ಎನ್ನೋಣವೆಂದರೆ ಎತ್ತರ ಹೆಚ್ಚು. ಜೀಪು ಎನ್ನೋಣವೆಂದರೆ ಮೈ ಉದ್ದ, ನಿಲುವು ಮೆತ್ತಗೆ. ಪೆಟ್ಟಿಗೆಯೊಂದಕ್ಕೆ ಚಕ್ರ ಜೋಡಿಸಿ ಇಸ್ತ್ರಿ ಮಾಡಿದಂತೆ ಕಾಣುತ್ತದೆ. ಬಾಗಿಲು ತೆರೆದರೆ ಗಾಜಿನ ಸುತ್ತ ಚೌಕಟ್ಟೇ ಇಲ್ಲ. ಬರಿಯ ಗಾಜು ಬಾಗಿಲಿನಿಂದ ಮೇಲೆದ್ದು ನಿಂತಿರುತ್ತದೆ. ಮೊದಲ ಸಲ ನೋಡಿದವರು ‘ಮುರಿದಿದೆಯೇನೋ’ ಎಂದು ಅನುಮಾನದಿಂದ ಮುಟ್ಟಿ ನೋಡುತ್ತಾರೆ. ಇದರ ಹೆಸರು ಫಾರೆಸ್ಟರ್. ಕಟ್ಟಿದವರು ಜಪಾನಿನವರು. ಆದರೆ ನಮ್ಮ ದೇಶಕ್ಕೆ ಬಂದಾಗ ಅದರ ಹಣೆಯ ಮೇಲೆ ಇದ್ದದ್ದು ಅಮೆರಿಕದ ಲಾಂಛನ.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. 1953ರಲ್ಲಿ ಜಪಾನಿನಲ್ಲಿ ಐದು ಕಂಪನಿಗಳು ಸೇರಿ ಫುಜಿ ಹೆವಿ ಇಂಡಸ್ಟ್ರೀಸ್ ಎಂಬ ಒಂದು ಸಂಸ್ಥೆಯಾಯಿತು. ಅದು ತನ್ನ ಮೋಟಾರುಗಳಿಗೆ ‘ಸುಬಾರು’ ಎಂದು ಹೆಸರಿಟ್ಟಿತು. ಜಪಾನೀ ಭಾಷೆಯಲ್ಲಿ ಸುಬಾರು ಎಂದರೆ ಬೇರೇನಲ್ಲ, ನಮ್ಮ ಕೃತ್ತಿಕಾ ನಕ್ಷತ್ರಪುಂಜ. ಸುಮಾರು ಸಾವಿರ ವರ್ಷಗಳ ಹಿಂದೆ, ನಮ್ಮ ರನ್ನ ಕವಿ ಇದ್ದ ಕಾಲಕ್ಕೆ ಹತ್ತಿರದಲ್ಲೇ, ಜಪಾನಿನ ಅರಮನೆಯಲ್ಲಿದ್ದ ಸೇಯ್ ಶೋನಾಗೊನ್ ಎಂಬ ಲೇಖಕಿ ತನಗೆ ಮೆಚ್ಚಾದ ನಕ್ಷತ್ರಗಳ ಪಟ್ಟಿ ಬರೆದಾಗ ಮೊದಲಿಗೆ ಹೆಸರಿಸಿದ್ದು ಇದನ್ನೇ. ಗಾಡಿಯ ಲಾಂಛನದಲ್ಲಿ ಒಂದು ದೊಡ್ಡ ನಕ್ಷತ್ರ, ಐದು ಸಣ್ಣವು; ಐದು ಕೂಡಿ ಒಂದಾದುದರ ಗುರುತು. ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರನ್ನು ಬಲ್ಲ ನಮಗೆ ಈ ಆರರ ಲೆಕ್ಕ ಹೊಸದಲ್ಲ. 2017ರ ಏಪ್ರಿಲ್ 1ರಂದು ಆ ಸಂಸ್ಥೆ ತನ್ನ ಹಳೆಯ ಹೆಸರನ್ನೇ ಬಿಟ್ಟು ಸುಬಾರು ಕಾರ್ಪೊರೇಷನ್ ಆಯಿತು. ಗಾಡಿಯ ಹಣೆಯ ಮೇಲಿದ್ದ ಹೆಸರು ಕೊನೆಗೆ ಕಟ್ಟಿದವನ ಹೆಸರೇ ಆಯಿತೆನ್ನಿ.

ಅಮೆರಿಕದ ಜನರಲ್ ಮೋಟಾರ್ಸ್ 1999ರ ಕೊನೆಗೆ ಮಾಡಿಕೊಂಡ ಒಪ್ಪಂದದಂತೆ ಈ ಜಪಾನೀ ಸಂಸ್ಥೆಯ ಐದನೆಯ ಒಂದು ಭಾಗದ ಷೇರು ಕೊಂಡಿತು. 2005ರಲ್ಲಿ ಅದನ್ನು ಬಿಟ್ಟುಕೊಟ್ಟಿತು. ಈ ನಂಟಸ್ತಿಕೆಯ ನಡುವೆ ಸಿದ್ಧವಾದ ಕೆಲವು ಫಾರೆಸ್ಟರ್ ಗಾಡಿಗಳು ಹಡಗಿನಲ್ಲಿ ಭಾರತಕ್ಕೆ ಬಂದವು. ಸುಬಾರು ಆಗ ತನ್ನ ಹೆಸರಿನಲ್ಲಿ ಇಲ್ಲಿ ಅಂಗಡಿ ತೆರೆದಿರಲಿಲ್ಲ. ಆದ್ದರಿಂದ ನಕ್ಷತ್ರಗಳು ಇರಬೇಕಾದ ಜಾಗದಲ್ಲಿ ಜನರಲ್ ಮೋಟಾರ್ಸಿನವರ ಷೆವರ್ಲೆ ಗುರುತು, ಕೊರಳಿಗೆ ಕಟ್ಟುವ ಬಿಲ್ಲುಟೈಯಂಥ ಆಕಾರ, ಕುಳಿತುಕೊಂಡಿತು. ಷೆವರ್ಲೆಯ ಕಥೆಯೂ ವಿಚಿತ್ರವೇ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲೂಯಿ ಷೆವರ್ಲೆ ಎಂಬ ಪಂದ್ಯಗಾರ 1911ರಲ್ಲಿ ಪಾಲುದಾರನಾಗಿ ಕಂಪನಿ ಕಟ್ಟಿದ. ಕೆಲವೇ ವರ್ಷಗಳಲ್ಲಿ ಹೊರಬಿದ್ದ. ಅವನು ಹೋದರೂ ಅವನ ಹೆಸರು ಅಲ್ಲೇ ಉಳಿಯಿತು. ತಾನು ಕಣ್ಣಿಂದ ನೋಡದ ಲಕ್ಷಾಂತರ ಗಾಡಿಗಳ ಮೇಲೆ ತನ್ನ ಹೆಸರು ಓಡಾಡುವುದನ್ನು ಅವನು 1941ರಲ್ಲಿ ಸಾಯುವವರೆಗೆ ನೋಡಿದ. 1928ರಿಂದ ಮುಂಬಯಿಯಲ್ಲೇ ಅವು ಜೋಡಣೆಗೊಂಡು ಹೊರಬರುತ್ತಿದ್ದುದರಿಂದ ಆ ಹೆಸರು ನಮ್ಮ ಹಿರಿಯರಿಗೂ ಪರಿಚಿತವಾಗಿತ್ತು. 2017ರ ಕೊನೆಗೆ ಆ ಕಂಪನಿ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು.

ಅಲ್ಲಿಗೆ ನನ್ನ ಅಳಿಯನ ಗಾಡಿ ಎರಡು ಸಲ ಅನಾಥವಾದಂತಾಯಿತು. ಹೆತ್ತವರ ಹೆಸರು ಮೊದಲೇ ಇರಲಿಲ್ಲ. ಸಾಕಿದವರೂ ಊರು ಬಿಟ್ಟರು. ಹೈದರಾಬಾದಿನಲ್ಲಿ ಅದನ್ನು ಅಗ್ಗಕ್ಕೆ ಕೊಂಡು ತಂದವನಿಗೆ ಎಲ್ಲೆಲ್ಲೂ ಸಿಕ್ಕದ್ದು ಅನುಕಂಪ. ‘ಆ ಕಂಪನಿನೇ ಹೋಗ್ಯಾದಲ್ಲ, ಸಾಮಾನ ಎಲ್ಲಿ ಸಿಗ್ತಾವ?’ ಎಂದು ಕೇಳದವರಿಲ್ಲ. ಸಾಮಾನು ಸಿಗುತ್ತಿದ್ದವು; ಆದರೆ ಹಣೆಯ ಮೇಲಿನ ಹೆಸರು ಹೇಳಿ ಕೇಳಿದರಲ್ಲ, ಜಪಾನಿನ ಹೆಸರು ಹೇಳಿ ಹೊರದೇಶಕ್ಕೆ ಬರೆದರೆ. ಹೀಗೆ ಒಂದೆರಡು ಸಲ ಸಾಮಾನು ತರಿಸಿದ ಮೇಲೆ ಅವನು ಅದರ ಜೊತೆಗೆ ಆರು ನಕ್ಷತ್ರಗಳ ಲಾಂಛನಗಳನ್ನೂ ತರಿಸಿದ. ಒಂದು ಭಾನುವಾರ ಬಿಸಿನೀರು, ದಾರ, ಸೀಮೆಎಣ್ಣೆ ಹಿಡಿದು ಕುಳಿತು ಹಳೆಯ ಗುರುತುಗಳನ್ನು ಬಿಡಿಸಿದ. ಮುಂದೆ, ಹಿಂದೆ, ಚಕ್ರಗಳ ನಡುವೆ ಹೊಸವನ್ನು ಕೂರಿಸಿದ. ಹಿಂಬದಿಯ ‘ಫಾರೆಸ್ಟರ್’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮುಟ್ಟಲಿಲ್ಲ. ಆ ಹೆಸರು ಜಪಾನಿನಲ್ಲೂ ಅದೇ.

ಮನೆಯಲ್ಲಿ ಚರ್ಚೆ ಎದ್ದಿತು. ಅವನ ತಂದೆಯವರು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವರು. ಕಾಗದದಲ್ಲಿರುವುದೇ ಸತ್ಯವೆಂದು ನಂಬಿದವರು. ‘ನೋಂದಣಿ ಪತ್ರದಾಗ ಒಂದು ಹೆಸರು, ಗಾಡಿ ಮ್ಯಾಲ ಒಂದು ಹೆಸರು. ಇದಕ್ಕ ಸುಳ್ಳು ಅಂತಾರ’ ಎಂದರು. ಮಗ, ‘ಅಪ್ಪಾ, ಕಾಗದ ಹುಟ್ಟೂಕಿಂತ ಮೊದ್ಲು ಗಾಡಿ ಹುಟ್ಟ್ಯಾದ. ನಾ ಸುಳ್ಳು ತಗದೀನಿ, ಹಚ್ಚಿಲ್ಲ’ ಎಂದ. ಇಬ್ಬರೂ ನನ್ನ ಮುಖ ನೋಡಿದರು. ನಾನು ಪಂಚನಾಗಲು ಒಪ್ಪಲಿಲ್ಲ. ಕಳೆದ ಚಳಿಗಾಲದಲ್ಲಿ ನನಗೆ ಶಹಾಬಾದದಿಂದ ಚಿಂಚೋಳಿಯವರೆಗೆ ಹಲವು ಊರುಗಳ ಕೆಲಸವಿತ್ತು. ‘ನಡಿ, ಇದೇ ಗಾಡಿಯಾಗ ಹೋಗೋಣ. ಊರು ಏನಂತದ ನೋಡೋಣ’ ಎಂದೆ.

ಹೊರಡುವ ಮುನ್ನ ಒಂದು ಮಾತು. ಒಂದು ಗಾಡಿಗೆ ಎರಡು ಹೆಸರು ಎಂಬುದು ಈಗ ಅಪರೂಪದ ಸಂಗತಿಯೇನಲ್ಲ. ನಮ್ಮದೇ ನಾಡಿನ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2022ರಿಂದ ಒಂದೇ ಮೈಯ ಅವಳಿ ಗಾಡಿಗಳು ತಯಾರಾಗಿವೆ: ಒಂದರ ಹಣೆಯ ಮೇಲೆ ಟೊಯೋಟಾ, ಇನ್ನೊಂದರ ಮೇಲೆ ಸುಜುಕಿ. 2019ರಲ್ಲಿ ಬಂದ ಗ್ಲಾಂಜಾ ಎಂಬುದು ಮಾರುತಿಯವರ ಬಲೇನೋ ಕಾರೇ. ಅಲ್ಲಿ ಮೋಸವಿಲ್ಲ; ಎರಡು ಕಂಪನಿಗಳೂ ಹೇಳಿಯೇ ಮಾಡಿವೆ. ಯಾವ ಹೆಸರನ್ನು ಹಚ್ಚಿತೋ ಆ ಕಂಪನಿ ಅದಕ್ಕೆ ಹೊಣೆ ಹೊತ್ತಿದೆ. ಆದ್ದರಿಂದ ಲಾಂಛನವೆಂದರೆ ತಂದೆಯ ಹೆಸರೇ ಆಗಬೇಕೆಂದಿಲ್ಲ, ಜಾಮೀನುದಾರನ ಹೆಸರೂ ಆಗಬಹುದು. ಪ್ರಶ್ನೆ ಏಳುವುದು ಜಾಮೀನುದಾರ ಊರು ಬಿಟ್ಟಾಗ.

ಶಹಾಬಾದದಲ್ಲಿ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯ ಕಟ್ಟೆಗೆ, ಮೆಟ್ಟಿಲಿಗೆ, ಚರಂಡಿಯ ಮುಚ್ಚಳಕ್ಕೆ ಎಲ್ಲಕ್ಕೂ ಆ ಊರಿನ ನುಣುಪು ಬೂದುಗಲ್ಲೇ. ದೂರದ ಊರುಗಳಲ್ಲಿ ಜನ ಅಂಗಡಿಗೆ ಹೋಗಿ ಕಲ್ಲಿನ ಜಾತಿ ಹೇಳುವುದಿಲ್ಲ, ‘ಶಹಾಬಾದ್ ಕೊಡಿ’ ಎನ್ನುತ್ತಾರೆ. ಊರಿನ ಹೆಸರೇ ಕಲ್ಲಿನ ಹೆಸರಾಗಿದೆ. ಕಲ್ಲಿನ ಲಾರಿಯ ಚಾಲಕನೊಬ್ಬ ಲೋಟ ಹಿಡಿದುಕೊಂಡೇ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ‘ಯಾ ಕಂಪನಿದರಿ ಇದು?’ ಎಂದ. ಸುಬಾರು, ಜಪಾನಿನದು ಎಂದೆವು. ‘ಹಂಗಾದ್ರ ಟೊಯೋಟಾನ ತಮ್ಮ ಅನ್ರಿ’ ಎಂದು ನಕ್ಕ. ಅವನು ತಮಾಷೆಗೆ ಆಡಿದ ಮಾತು ನಿಜಕ್ಕೆ ದೂರವಿರಲಿಲ್ಲ. 2005ರಲ್ಲಿ ಅಮೆರಿಕದವರು ಬಿಟ್ಟುಕೊಟ್ಟ ಷೇರಿನಲ್ಲಿ ಒಂದು ಪಾಲನ್ನು ಕೊಂಡದ್ದು ಟೊಯೋಟಾವೇ. ಬೆಲೆ ಎಷ್ಟಿರಬಹುದೆಂದು ಕೇಳಿದೆ. ‘ನಲವತ್ತು ಲಾಖಕ್ಕ ಕಡಿಮಿ ಇಲ್ಲ’ ಎಂದ. ಎರಡು ತಿಂಗಳ ಹಿಂದೆ ಇದೇ ಗಾಡಿಯನ್ನು ಇದೇ ಬಣ್ಣದಲ್ಲಿ ಹಳೆಯ ಗುರುತಿನೊಡನೆ ನೋಡಿದವರು ಎರಡು ಲಕ್ಷಕ್ಕೂ ಮೂಗು ಮುರಿದಿದ್ದರು. ಅಂಗೈಯಗಲದ ಲೋಹದ ತುಂಡು ಮೂವತ್ತೆಂಟು ಲಕ್ಷ ರೂಪಾಯಿ ಬಾಳಿತು! ಇದನ್ನು ಕಂಡು ನನ್ನ ಅಳಿಯ ಹಿಗ್ಗಲಿಲ್ಲ. ಅವನ ಮುಖ ಸ್ವಲ್ಪ ಬಾಡಿತು. ಗಾಡಿಯ ಬಗ್ಗೆ ಯಾರೂ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯಲಿಲ್ಲ ಎಂಬುದು ಅವನಿಗೆ ಹೊಳೆದಿರಬೇಕು.

ವಾಡಿಯ ಹೆಸರು ರೈಲಿನಿಂದ ಪ್ರಸಿದ್ಧವಾದದ್ದು. ಮುಂಬಯಿಯಿಂದ ಬಂದ ಹಾದಿಗೆ 1874ರಲ್ಲಿ ಸಿಕಂದರಾಬಾದಿನ ನಿಜಾಮ ಹಾದಿ ಇಲ್ಲಿ ಬಂದು ಕೂಡಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಎಂದೂ ನಿಜಾಮ್ ಸ್ಟೇಟ್ ಎಂದೂ ಡಬ್ಬಿಗಳ ಮೇಲೆ ಅಕ್ಷರಗಳಿದ್ದವು. 1951ರ ನವೆಂಬರ್ 5ರಂದು ಎರಡೂ ಕೂಡಿ ಸೆಂಟ್ರಲ್ ರೈಲ್ವೆಯಾದವು. 1966ರಲ್ಲಿ ಸಿಕಂದರಾಬಾದಿನ ಹಾದಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. ಹಳಿ ಅದೇ ಜಾಗದಲ್ಲಿ ಬಿದ್ದಿತ್ತು. ಮೇಲೆ ಓಡುವ ಅಕ್ಷರಗಳು ಬದಲಾದವು. ರೈಲಿನ ಮಾತು ಹೀಗಾದರೆ ಸಿಮೆಂಟಿನ ಮಾತೂ ಹೀಗೆಯೇ. 1968ರಲ್ಲಿ ಶುರುವಾದ ವಾಡಿಯ ಎ.ಸಿ.ಸಿ. ಕಾರ್ಖಾನೆಯ ಒಡೆತನ 2022ರಲ್ಲಿ ಅದಾನಿಯವರಿಗೆ ಹೋಯಿತು. ಸೇಡಂನ ವಾಸವದತ್ತಾ ಕಾರ್ಖಾನೆ 2025ರಲ್ಲಿ ಅಲ್ಟ್ರಾಟೆಕ್‌ನವರದಾಯಿತು. ವಾಡಿಯ ಚೌಕದಲ್ಲಿ ಹುಡುಗರು ನಮ್ಮ ಗಾಡಿಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದಾಗ, ಪಾಳಿ ಮುಗಿಸಿ ಬರುತ್ತಿದ್ದ ಹಿರಿಯ ಕೆಲಸಗಾರನೊಬ್ಬನಿಗೆ ಅಳಿಯ ಗುರುತು ಬದಲಿಸಿದ ಕಥೆಯನ್ನು ಹೇಳಿದ. ಯಾವ ಕಾರ್ಖಾನೆಯವನೆಂದು ನಾನು ಕೇಳಲಿಲ್ಲ. ಅವನು ಒಂದು ಗಳಿಗೆ ಸುಮ್ಮನಿದ್ದು ಹೇಳಿದ: ‘ಚೀಲದ ಮ್ಯಾಲಿನ ಹೆಸರು ಬದ್ಲಾಗ್ತದ್ರಿ. ಕಲ್ಲು ಅದೇ, ಕೈ ಅವೇ.’

ಈ ಮಾತನ್ನು ನಾನು ಬಹಳ ಹೊತ್ತು ಮನಸ್ಸಿನಲ್ಲಿ ತಿರುಗಿಸಿದೆ. ಲಾಂಛನದಲ್ಲಿ ಒಡೆಯನ ಹೆಸರಿರುತ್ತದೆ. ದುಡಿದ ಕೈಯ ಹೆಸರು ಯಾವ ಚೀಲದ ಮೇಲೂ ಇರುವುದಿಲ್ಲ. ಒಡೆಯ ಬದಲಾದಾಗ ಹೆಸರು ಬದಲಾಗುವುದು ನ್ಯಾಯವೇ. ಆದರೆ ಹೆಸರಿನಿಂದ ಕೈಯನ್ನು ತಿಳಿದೆವೆಂದುಕೊಳ್ಳುವುದು ನಮ್ಮ ಭ್ರಮೆ.

ಚಿತ್ತಾಪುರದಲ್ಲಿ ನನ್ನ ಹಳೆಯ ಪರಿಚಯದ ತೊಗರಿ ವ್ಯಾಪಾರಿಯೊಬ್ಬರಿದ್ದಾರೆ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ‘ಕಲಬುರಗಿ ತೊಗರಿ’ ಎಂಬ ಹೆಸರನ್ನು ಕಂಡಕಂಡವರು ಕಂಡಕಂಡ ಕಾಳಿಗೆ ಹಚ್ಚುವಂತಿಲ್ಲ. ಈ ನೆಲದಲ್ಲಿ ಬೆಳೆದದ್ದಕ್ಕೇ ಆ ಹೆಸರು. ನಮ್ಮ ಮನೆಯ ವ್ಯಾಜ್ಯವನ್ನು ಅವರ ಮುಂದಿಟ್ಟೆ. ಅವರು ಕಾನೂನು ಓದಿದವರಲ್ಲ, ಆದರೆ ಅರವತ್ತು ಸುಗ್ಗಿಗಳ ಕಾಳನ್ನು ಬೆರಳಿನಿಂದ ನೋಡಿದವರು. ‘ಸರ, ಬ್ಯಾರೆ ಊರಿನ ಕಾಳು ನಮ್ಮ ಹೆಸರಿನ ಚೀಲದಾಗ ತುಂಬಿದ್ರ ಅದು ಮೋಸ. ನಮ್ಮ ಕಾಳು ಬ್ಯಾರೆಯವರ ಚೀಲದಾಗ ಹೋದ್ರ ಅದು ನಮ್ಮ ನಷ್ಟ. ನಮ್ಮ ಕಾಳು ನಮ್ಮ ಚೀಲಕ್ಕ ತಿರುಗಿ ಬಂದ್ರ ಅದಕ್ಕ ಏನಂತೀರಿ? ಅದು ಮೋಸ ಹೆಂಗ ಆಗ್ತದ?’ ಎಂದರು. ಅಳಿಯನ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ವಕಾಲತ್ತು ಬೇಕಿರಲಿಲ್ಲ.

ಚಿತ್ತಾಪುರ ತಾಲ್ಲೂಕಿಗೆ ಹೆಸರಿನ ವಿಷಯದಲ್ಲಿ ಇನ್ನೂ ಹಿರಿದಾದ ಒಂದು ಸಾಕ್ಷ್ಯವಿದೆ. ಭೀಮಾ ನದಿಯ ದಂಡೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದಾಗ ಅದರ ಮೈಮೇಲೆ ಅಶೋಕನ ಶಾಸನ! ಅದಾದ ಕೆಲವು ವರ್ಷಗಳಿಗೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪದ ಶಿಲ್ಪಫಲಕಗಳು ಹೊರಬಂದವು. ಒಂದರಲ್ಲಿ ಒಬ್ಬ ಅರಸ, ಅವನ ರಾಣಿ, ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ ಕೊರೆದ ಪುಟ್ಟ ಬರಹ: ‘ರಾಯಾ ಅಸೋಕೋ’. ಆ ಕೆಲವೇ ಅಕ್ಷರಗಳು ಇಲ್ಲದಿದ್ದರೆ ಅವನು ಯಾವನೋ ಒಬ್ಬ ಅರಸ. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದ ಹಿರಿಮೆಯೂ ಇದೇ. ಅಲ್ಲಿಯವರೆಗೆ ಓದಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಕಾಣುತ್ತಿತ್ತು. ಮಸ್ಕಿಯ ಬಂಡೆ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರನ್ನಿಟ್ಟು ಸಂದೇಹ ಕಳೆಯಿತು. ಆದ್ದರಿಂದ ಹಣೆಪಟ್ಟಿಯನ್ನು ಹಗುರವಾಗಿ ಕಾಣುವಂತಿಲ್ಲ. ಸರಿಯಾದ ಜಾಗದಲ್ಲಿರುವ ಸರಿಯಾದ ಹೆಸರು ಎರಡು ಸಾವಿರ ವರ್ಷಗಳ ಮರೆವನ್ನು ಗೆಲ್ಲಬಲ್ಲದು.

ಸೇಡಂ ದಾರಿಯಲ್ಲಿ ಮಳಖೇಡ. ಕಾಗಿಣಾ ನದಿಯ ದಂಡೆಯ ಈ ಹಳ್ಳಿಯೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಸಾಹಿತ್ಯಾಸಕ್ತರಿಗೆ ‘ಕವಿರಾಜಮಾರ್ಗ’ದ ಕರ್ತೃವಿನ ಚರ್ಚೆಯನ್ನು ನೆನಪಿಸಬೇಕಾಗಿಲ್ಲ. ಕೆ. ಬಿ. ಪಾಠಕರು 1898ರಲ್ಲಿ ಆ ಗ್ರಂಥವನ್ನು ಅಚ್ಚು ಮಾಡಿಸಿದಾಗ ಅದರ ಮೇಲೆ ಇದ್ದದ್ದು ನೃಪತುಂಗನ ಹೆಸರು. ಮುಂದೆ ವಿದ್ವಾಂಸರು ಒಳಗಣ ಸಾಕ್ಷ್ಯಗಳನ್ನು ತೂಗಿ ನೋಡಿ, ಇದು ನೃಪತುಂಗನಿಗೆ ಸಮ್ಮತವಾದ ಗ್ರಂಥ, ಬರೆದವನು ಶ್ರೀವಿಜಯ ಎಂಬ ನಿಲುವಿಗೆ ಬಂದರು. ಪದ್ಯಗಳಲ್ಲಿ ಒಂದಕ್ಷರ ಬದಲಾಗಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ಆ ನಾಡು ಒಂದಂಗುಲ ಹಿಗ್ಗಲಿಲ್ಲ, ಕುಗ್ಗಲಿಲ್ಲ. ಹಾಗಿದ್ದರೂ ಆ ಬದಲಾವಣೆ ಕೇವಲ ಹೆಸರಿನ ಬದಲಾವಣೆಯೆಂದು ನಾವು ಹೇಳುವುದಿಲ್ಲ. ಆಶ್ರಯ ಕೊಟ್ಟವನ ನೆರಳಿನಲ್ಲಿ ಮರೆಯಾಗಿದ್ದ ಕವಿಗೆ ಸಲ್ಲಬೇಕಾದುದು ಸಂದಿತು. ಒಳಗೆ ಹುಡುಕಿ ನೋಡಿದವರು ಹೊರಗಿನ ಹೆಸರನ್ನು ತಿದ್ದಿದರು. ಇದು ಗಮನಿಸಬೇಕಾದ ಕ್ರಮ.

ಆ ಕ್ರಮವನ್ನೇ ಸೇಡಂನಲ್ಲಿ ಒಬ್ಬ ಮೆಕ್ಯಾನಿಕ್ ಪಾಲಿಸಿದುದನ್ನು ಕಂಡೆ. ಗಾಡಿ ಸ್ವಲ್ಪ ಬಿಸಿಯಾಗಿತ್ತು. ಅವರು ಮುಂದಿನ ಲಾಂಛನದ ಕಡೆ ನೋಡಲೇ ಇಲ್ಲ, ಮುಚ್ಚಳ ಎತ್ತಿಸಿದರು. ಸಾಮಾನ್ಯ ಎಂಜಿನುಗಳಲ್ಲಿ ಕೊಂತಗಳು ನಿಂತು ಕೆಲಸ ಮಾಡಿದರೆ ಇದರಲ್ಲಿ ಮಲಗಿ ಕೆಲಸ ಮಾಡುತ್ತವೆ. ಎರಡು ಈ ಕಡೆಗೆ, ಎರಡು ಆ ಕಡೆಗೆ, ಎದುರುಬದುರಾಗಿ ಮುಷ್ಟಿ ಚಾಚುವ ಮಲ್ಲರಂತೆ. ಅದರಿಂದ ಭಾರ ನೆಲಕ್ಕೆ ಹತ್ತಿರವಿದ್ದು ತಿರುವಿನಲ್ಲಿ ಗಾಡಿ ಓಲಾಡುವುದಿಲ್ಲ. ಒಂದು ಕಡೆಯ ನಡುಕವನ್ನು ಇನ್ನೊಂದು ಕಡೆಯದು ನುಂಗುತ್ತದೆ. ‘ಅರೆ, ಇದು ಮಲ್ಕೊಂಡದಲ್ರೀ!’ ಎಂದು ಅವರು ಮಗುವಿನಂತೆ ಸಂತೋಷಪಟ್ಟರು. ನೀರಿನ ಕೊಳವೆಯ ಪಟ್ಟಿ ಸಡಿಲವಾಗಿತ್ತು, ಬಿಗಿದರು. ಆಮೇಲೆ ಒಂದು ಬಿಡಿಭಾಗದ ಮೇಲಿನ ಧೂಳನ್ನು ಅರಿವೆಯಿಂದ ಒರೆಸಿದರು. ಅಲ್ಲಿ ಸಣ್ಣ ಜಪಾನೀ ಅಕ್ಷರಗಳಿದ್ದವು. ಅಳಿಯ ತನ್ನ ಕಥೆ ಹೇಳಿದಾಗ ಅವರು, ‘ನೀವೇನು ಬದಲ ಮಾಡೀರಿ? ಒಳಗ ಮೊದ್ಲಿಂದಾನೂ ಬರದದ. ಹೊರಗಿಂದ ಒಬ್ರು ಮುಚ್ಚಿದ್ರು, ನೀವು ತಗದೀರಿ, ಅಷ್ಟೇ’ ಎಂದು ಕೈ ಒರೆಸಿಕೊಂಡರು. ಐವತ್ತು ರೂಪಾಯಿ ಸಾಕೆಂದರು. ಶಹಾಬಾದದ ನಲವತ್ತು ಲಕ್ಷಕ್ಕಿಂತ ಸೇಡಂನ ಈ ಐವತ್ತು ರೂಪಾಯಿ ಅಳಿಯನ ಮುಖವನ್ನು ಅರಳಿಸಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಭಾಷಣವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಚಿಂಚೋಳಿ ಉಳಿದಿತ್ತು.

ಚಿಂಚೋಳಿಯ ಕಾಡು ನಮ್ಮ ಬಯಲುಸೀಮೆಯ ಪಾಲಿಗೆ ಒಂದು ಭಾಗ್ಯ. ಕರಿಮಣ್ಣು ಮುಗಿದು ಕೆಮ್ಮಣ್ಣು ಬರುತ್ತದೆ. ತೇಗ, ಶ್ರೀಗಂಧ, ಚಂದ್ರಂಪಳ್ಳಿಯ ಕೆರೆ. ಆ ಅರಣ್ಯವೀಗ ವನ್ಯಜೀವಿಧಾಮ. ಸಂಜೆ ನಾಲ್ಕರ ಹೊತ್ತಿಗೆ ಕಾಡಂಚಿನ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ, ನೆರಳು ಕಂಡಲ್ಲಿ ನಿಲ್ಲಿಸಿ ಕೆಳಗಿಳಿದೆವು. ಹಿಂದಿನಿಂದ ಒಬ್ಬ ಅಜ್ಜಿ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಬರುತ್ತಿದ್ದಳು. ಜೊತೆಗೆ ಹತ್ತು ವರ್ಷದ ಮೊಮ್ಮಗ. ಹುಡುಗ ಶಾಲೆಗೆ ಹೋಗುವವನು. ಗಾಡಿಯ ಹಿಂಬದಿಯ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ‘ಆಯೀ, ಫಾರೆಸ್ಟರ್ ಅಂತ ಬರದದ’ ಎಂದ.

ಕೇಳುಗರಲ್ಲಿ ಕೆಲವರಿಗೆ ಈ ಮಾತಿನ ತೂಕ ತಿಳಿದಿರಲಾರದು. ಕಾಡಂಚಿನ ಊರುಗಳಲ್ಲಿ ಫಾರೆಸ್ಟರ್ ಎಂಬುದು ಒಂದು ಮೋಟಾರಿನ ಹೆಸರಲ್ಲ. ಅರಣ್ಯ ಇಲಾಖೆಯ ಒಂದು ಹುದ್ದೆ. ಕಾಗದಪತ್ರಗಳಲ್ಲಿ ಈಗ ಉಪ ವಲಯ ಅರಣ್ಯಾಧಿಕಾರಿ ಎಂದಿದ್ದರೂ ಜನರ ಬಾಯಲ್ಲಿ ‘ಫಾರೆಸ್ಟರ್ ಸಾಹೇಬರು’ ಹೋಗಿಲ್ಲ. ಅಜ್ಜಿ ನಿಂತಲ್ಲೇ ಹೊರೆಯನ್ನು ನೆಲಕ್ಕೆ ಇಳಿಸಿದಳು. ಕೈ ಜೋಡಿಸಿದಳು. ‘ಯಪ್ಪಾ, ಎಲ್ಲಾ ಒಣಗಿದ್ವೇ ಅವ. ಹಸಿದು ಒಂದು ಕಡ್ಡಿನೂ ಮುರದಿಲ್ಲರೀ. ಬೇಕಾದ್ರ ಬಿಚ್ಚಿ ನೋಡ್ರಿ’ ಎಂದಳು. ಅವಳ ಕಣ್ಣು ನಮ್ಮ ಮುಖದ ಮೇಲಿರಲಿಲ್ಲ. ಆ ಅಕ್ಷರಗಳ ಮೇಲಿತ್ತು. ಅವಳಿಗೆ ಓದು ಬಾರದು.

ನಾವು ಸಾಹೇಬರಲ್ಲ, ಇದು ಇಲಾಖೆಯ ಗಾಡಿಯಲ್ಲ, ಇದು ಕಂಪನಿ ಇಟ್ಟ ಹೆಸರು ಎಂದು ಅಳಿಯ ಅವಸರದಿಂದ ವಿವರಿಸಿದ. ಅವಳು ನಂಬಿದಂತೆ ಕಾಣಲಿಲ್ಲ. ಮೇಲಿನವರು ‘ನಾನು ಯಾರೂ ಅಲ್ಲ’ ಎಂದು ಹೇಳಿ ಪರೀಕ್ಷೆ ಮಾಡುವುದುಂಟು ಎಂಬ ಅನುಭವ ಅವಳಿಗಿತ್ತೋ ಏನೋ. ಕೊನೆಗೆ ಇಬ್ಬರೂ ಕೈ ಹಚ್ಚಿ ಹೊರೆಯನ್ನು ಅವಳ ತಲೆಗೆ ಏರಿಸಿದೆವು. ಹೊರೆ ಎತ್ತಿಕೊಟ್ಟಾಗಲೇ ಅವಳಿಗೆ ಧೈರ್ಯ ಬಂದದ್ದು. ‘ಸಾಹೇಬ್ರು ಹೊರಿ ಎತ್ತಂಗಿಲ್ಲ ಬಿಡ್ರಿ’ ಎಂದು ಅವಳು ತನಗೆ ತಾನೇ ಹೇಳಿಕೊಂಡು ನಡೆದಳು. ಹುಡುಗ ಎರಡು ಸಲ ಹಿಂತಿರುಗಿ ನೋಡಿದ.

ಆ ಮೇಲೆ ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ‘ಮಾವಾ, ಸುಳ್ಳಿರೋ ಹೆಸರು ತಗದೆ. ಖರೇ ಇರೋ ಹೆಸರೇ ಆಕಿಗೆ ಅಂಜಿಕಿ ಹಚ್ಚಿತಲ್ಲ’ ಎಂದ. ಅವನ ಮಾತು ಸರಿ. ಇಡೀ ಗಾಡಿಯ ಮೇಲೆ ಯಾರೂ ತಕರಾರು ಮಾಡಲಾಗದ ಹೆಸರು ಅದೊಂದೇ ಆಗಿತ್ತು; ಅಮೆರಿಕದವರ ಕಾಲದಲ್ಲೂ ಅದೇ, ಜಪಾನಿನವರ ಕಾಲದಲ್ಲೂ ಅದೇ. ತಂದೆ ಮಗ ಇಬ್ಬರೂ ಅದನ್ನು ಒಪ್ಪಿದ್ದರು. ಆದರೆ ನಮ್ಮ ಚರ್ಚೆಯೆಲ್ಲ ಹೆಸರು ಮತ್ತು ವಸ್ತು ಎಂಬ ಎರಡೇ ಪಕ್ಷಗಳನ್ನು ಕುರಿತದ್ದಾಗಿತ್ತು. ಮೂರನೆಯ ಪಕ್ಷವೊಂದಿದೆ, ಅದು ಓದುವವನದು. ಶಹಾಬಾದದ ಚಾಲಕ ಹೆಸರನ್ನು ಓದಿ ಬೆಲೆ ಕಟ್ಟಿದ. ಅದರಿಂದ ಅವನಿಗೆ ನಷ್ಟವಿಲ್ಲ. ಚಿಂಚೋಳಿಯ ಅಜ್ಜಿ ಹೆಸರನ್ನು ಕೇಳಿ ಹೊರೆ ಇಳಿಸಿದಳು. ಯಾರಿಗೆ ಕಳೆದುಕೊಳ್ಳಲು ಒಂದು ಹೊತ್ತಿನ ಒಲೆಯಷ್ಟೇ ಇದೆಯೋ ಅವರು ಲಾಂಛನವನ್ನು ನಮಗಿಂತ ಬೇಗ ಓದುತ್ತಾರೆ.

ಇದು ಈ ಒಂದು ಗಾಡಿಯ ಮಾತಲ್ಲ. ಸ್ವಂತ ಕಾರಿನ ಗಾಜಿಗೆ ಇಲಾಖೆಯ ಹೆಸರು, ಹುದ್ದೆಯ ಹೆಸರು ಅಂಟಿಸಿಕೊಂಡು ಓಡಾಡುವವರನ್ನು ನಾವು ದಿನವೂ ನೋಡುತ್ತೇವೆ. ಅವರಲ್ಲಿ ಹಲವರು ನಿಜವಾಗಿ ಆ ಹುದ್ದೆಯಲ್ಲಿರುವವರೇ. ಅವರು ಬರೆದುಕೊಂಡದ್ದು ಸುಳ್ಳಲ್ಲ. 2017ರ ಮೇ 1ರಿಂದ ಮಂತ್ರಿಗಳ, ಅಧಿಕಾರಿಗಳ ಕಾರಿನ ನೆತ್ತಿಯ ಮೇಲಿನ ಕೆಂಪು ದೀಪವನ್ನು ಕೇಂದ್ರ ಸರ್ಕಾರ ತೆಗೆಸಿತು. ಒಳಗೆ ಕುಳಿತವರು ಮಂತ್ರಿಗಳೇ ಆಗಿದ್ದರು. ಆ ದೀಪ ಹುಸಿಯಾಗಿರಲಿಲ್ಲ. ಅದನ್ನು ಇಳಿಸಿದ್ದು ಸುಳ್ಳೆಂದಲ್ಲ. ದಾರಿಯಲ್ಲಿ ನಡೆಯುವವನು ಅದಕ್ಕೆ ತಲೆಬಾಗಿ ಪಕ್ಕಕ್ಕೆ ಸರಿಯಬೇಕಾಗಿತ್ತೆಂದು.

ಹೀಗಾಗಿ ನಮ್ಮ ಮನೆಯ ವ್ಯಾಜ್ಯಕ್ಕೆ ನಾನು ಕೊಡುವ ತೀರ್ಪು ಎರಡು ಭಾಗದ್ದು. ಮೊದಲನೆಯದು: ಕಟ್ಟಿದ ಕೈಯ ಹೆಸರನ್ನು ಅದಕ್ಕೆ ಮರಳಿ ಕೊಡುವುದು ಸುಳ್ಳಲ್ಲ, ಶ್ರೀವಿಜಯನಿಗೆ ಸಂದ ನ್ಯಾಯ ಒಂದು ಯಂತ್ರಕ್ಕೂ ಸಲ್ಲಲಿ. ಕಾಗದದಲ್ಲಿ ಹಳೆಯ ಹೆಸರಿದೆಯೆಂಬುದನ್ನು ಕೇಳಿದವರಿಗೆ ಹೇಳಿದರಾಯಿತು; ಅಳಿಯ ಎಲ್ಲೂ ಅದನ್ನು ಮುಚ್ಚಿಡಲಿಲ್ಲ. ಎರಡನೆಯದು: ಹೆಸರು ನಿಜವಾಗಿದ್ದ ಮಾತ್ರಕ್ಕೆ ಅದನ್ನು ಹಚ್ಚಿಕೊಂಡವನ ಹೊಣೆ ತೀರುವುದಿಲ್ಲ. ಅದು ಎದುರಿನವನನ್ನು ಏನು ಮಾಡುತ್ತದೆ ಎಂಬುದನ್ನೂ ಅವನು ನೋಡಿಕೊಳ್ಳಬೇಕು. ಲಾಂಛನ ಎರಡು ಬಗೆಯದು. ‘ಇದಕ್ಕೆ ನಾನು ಹೊಣೆ’ ಎನ್ನುವುದು ಒಂದು. ‘ನೀನು ದಾರಿ ಬಿಡು’ ಎನ್ನುವುದು ಇನ್ನೊಂದು. ಎರಡಕ್ಕೂ ಹೊಳಪು ಒಂದೇ. ವ್ಯತ್ಯಾಸ ತಿಳಿಯಬೇಕಾದರೆ ಲೋಹವನ್ನು ನೋಡಿ ಪ್ರಯೋಜನವಿಲ್ಲ. ಅದನ್ನು ಓದುವವನ ಮುಖ ನೋಡಬೇಕು.

ಅಳಿಯ ಹಿಂಬದಿಯ ಆ ಅಕ್ಷರಗಳನ್ನು ತೆಗೆದನೆ, ಉಳಿಸಿದನೆ ಎಂದು ನೀವು ಕೇಳಬಹುದು. ಅವು ಈಗಲೂ ಇವೆ. ಆದರೆ ಕಾಡಂಚಿನ ದಾರಿಯಲ್ಲಿ ಕಟ್ಟಿಗೆ ಹೊತ್ತವರು ಕಂಡರೆ ಅವನು ಗಾಡಿ ನಿಧಾನ ಮಾಡಿ, ಗಾಜು ಇಳಿಸಿ, ತಾನೇ ಮೊದಲು ನಮಸ್ಕಾರ ಹೇಳುತ್ತಾನೆ.